ಕೈಗುಣವಲ್ಲ, ಕಾರಣ: ಸತ್ತ ಗಿಡಗಳು ಕಲಿಸಿದ ಪಾಠ

ಮನೆಯೊಳಗಿಟ್ಟ ಗಿಡ ಸತ್ತರೆ ನಮ್ಮಲ್ಲಿ ಅದಕ್ಕೊಂದು ಸಿದ್ಧ ಉತ್ತರವಿದೆ. ಅದು ಕೈಗುಣ. ಕೆಲವರು ಒಣಕಡ್ಡಿ ಊರಿದರೂ ಚಿಗುರುತ್ತದೆ, ಇನ್ನು ಕೆಲವರು ಎಷ್ಟು ಆರೈಕೆ ಮಾಡಿದರೂ ಗಿಡ ನಿಲ್ಲುವುದಿಲ್ಲ ಎಂಬ ಮಾತನ್ನು ಕೇಳದವರು ಯಾರಿದ್ದಾರೆ? ಔಷಧ ಕೊಡುವ ವೈದ್ಯರಿಗೆ, ಬೆಳಿಗ್ಗೆ ಬೋಣಿ ಮಾಡುವ ಗಿರಾಕಿಗೆ ಇರುವಂತೆ ಗಿಡ ನೆಡುವವರಿಗೂ ಒಂದು ಕೈಗುಣ ಇರುತ್ತದೆ ಎಂಬುದು ನಮ್ಮ ನಂಬಿಕೆ.

ಬೆಂಗಳೂರಿನ ಒಂದು ಬಾಡಿಗೆ ಕೋಣೆಯಲ್ಲಿ ಒಂದೇ ವರ್ಷದಲ್ಲಿ ಮೂರು ಗಿಡ ಕಳೆದುಕೊಂಡ ನನಗೂ ಈ ಮಾತು ತಪ್ಪಲಿಲ್ಲ. ಮೊದಲು ತುಳಸಿ, ಆಮೇಲೆ ಜರೀಗಿಡ, ಕೊನೆಗೆ ಯಾರಿಗೂ ಸಾಯದ ಮನಿ ಪ್ಲಾಂಟ್. ‘ನಿನ್ನ ಕೈಗುಣಾನೇ ಸರಿಯಿಲ್ಲ ಕಣಮ್ಮ’ ಎಂದರು ಮನೆ ಯಜಮಾನಿ ಅಜ್ಜಿ. ಆದರೆ ಅಷ್ಟು ಹೇಳಿ ಅವರು ಸುಮ್ಮನಾಗಲಿಲ್ಲ. ಮೂರನೆಯ ಗಿಡ ಹೋದಾಗ ಕುಂಡವನ್ನು ಹಳೆಯ ಪತ್ರಿಕೆಯ ಮೇಲೆ ಬೋರಲು ಹಾಕಿ, ಮಣ್ಣು ಬಿಡಿಸಿ, ಬೇರು ನೋಡಿದರು.

ಆ ಬೇರು ಏನು ಹೇಳಿತು ಎಂಬುದು ಆಮೇಲಿನ ಮಾತು. ಬಾಯಲ್ಲಿ ಕೈಗುಣ ಎನ್ನುತ್ತಲೇ ಕೈಯಲ್ಲಿ ಕಾರಣ ಹುಡುಕಿದ ಆ ಕೆಲಸಕ್ಕೆ ದೊಡ್ಡದೊಂದು ಇತಿಹಾಸವಿದೆ. ಗೋಡೆಗಳ ನಡುವೆ ಗಿಡ ಬೆಳೆಸುವ ವಿದ್ಯೆ ಗೆದ್ದವರಿಗಿಂತ ಹೆಚ್ಚಾಗಿ ಸೋತವರಿಂದ ಬಂದದ್ದು. ಸೋತು ಕೈಚೆಲ್ಲದೆ ‘ಏಕೆ ಸತ್ತಿತು?’ ಎಂದು ಕೇಳಿದವರಿಂದ ಬಂದದ್ದು. ಅವರಲ್ಲಿ ಮುಖ್ಯನಾದವನು ಲಂಡನ್‌ನ ಒಬ್ಬ ವೈದ್ಯ.

ಮಸಿಯ ಊರಿನ ವೈದ್ಯ

ಅವನ ಹೆಸರು ನಥಾನಿಯಲ್ ಬ್ಯಾಗ್‌ಷಾ ವಾರ್ಡ್. ಹುಟ್ಟಿದ್ದು 1791ರಲ್ಲಿ. ಹದಿಮೂರರ ವಯಸ್ಸಿನಲ್ಲಿ ಹಡಗು ಹತ್ತಿ ಜಮೈಕಾಗೆ ಹೋಗಿ ಬಂದ ಹುಡುಗನಿಗೆ ಅಲ್ಲಿನ ಹಸುರು ಕಂಡು ಗಿಡಗಳ ಹುಚ್ಚು ಹಿಡಿಯಿತು. ಆದರೆ ಹೊಟ್ಟೆಪಾಡು ಅವನನ್ನು ತಂದೆಯ ವೈದ್ಯವೃತ್ತಿಗೇ ಕಟ್ಟಿಹಾಕಿತು. ಮನೆಯಿದ್ದದ್ದು ಪೂರ್ವ ಲಂಡನ್‌ನ ವೆಲ್‌ಕ್ಲೋಸ್ ಸ್ಕ್ವೇರ್‌ನಲ್ಲಿ. ಹಡಗುಕಟ್ಟೆಗಳ ಪಕ್ಕದ, ಕಾರ್ಖಾನೆಗಳ ನಡುವಿನ, ಬಡವರು ಕಿಕ್ಕಿರಿದಿದ್ದ ಪ್ರದೇಶ ಅದು.

ಆ ಕಾಲದ ಲಂಡನ್ ಕಲ್ಲಿದ್ದಲಿನ ಊರು. ಮನೆ ಮನೆಯ ಒಲೆಯಲ್ಲೂ ಕಾರ್ಖಾನೆಯ ಕುಲುಮೆಯಲ್ಲೂ ಉರಿಯುತ್ತಿದ್ದದ್ದು ಅದೇ. ಗೋಡೆ, ಕಿಟಕಿ, ಒಗೆದು ಹರವಿದ ಬಟ್ಟೆ, ಎಲ್ಲದರ ಮೇಲೂ ಮಸಿ ಕೂರುತ್ತಿತ್ತು. ಇಂಥ ಕಡೆ ವಾರ್ಡ್‌ಗೆ ಇದ್ದ ಆಸೆ ಒಂದೇ: ಮನೆಯ ಹಿತ್ತಿಲಲ್ಲಿ ಒಂದು ಕಲ್ಲುಗೋಡೆ ಕಟ್ಟಿ ಅದರ ತುಂಬ ಜರೀಗಿಡ ಮತ್ತು ಪಾಚಿ ಬೆಳೆಸಬೇಕು.

ಅವನು ಅದನ್ನು ಮನಸ್ಸಿಟ್ಟು ಮಾಡಿದ. ಕಲ್ಲುಗಳನ್ನು ಪೇರಿಸಿದ. ನೆತ್ತಿಯಲ್ಲಿ ತೂತು ಕೊರೆದ ಕೊಳವೆಯಿಟ್ಟು ಸದಾ ನೀರು ಜಿನುಗುವಂತೆ ಮಾಡಿದ. ಕಾಡಿನಿಂದ ಜರೀಗಿಡಗಳನ್ನು ತಂದು ನೆಟ್ಟ. ನೀರಿತ್ತು, ನೆರಳಿತ್ತು, ಆರೈಕೆಯಿತ್ತು. ಆದರೂ ಗಿಡಗಳು ಒಂದೊಂದಾಗಿ ಕಂದಿ ಸತ್ತವು. ಮತ್ತೆ ನೆಟ್ಟ, ಮತ್ತೆ ಸತ್ತವು. ಕೊನೆಗೆ ಆ ಆಸೆಯನ್ನೇ ಕೈಬಿಟ್ಟ.

ಸೀಸೆಯೊಳಗಿನ ಮಳೆ

ವಾರ್ಡ್‌ಗೆ ಕೀಟಗಳ ಬಗ್ಗೆಯೂ ಕುತೂಹಲವಿತ್ತು. 1829ರ ಬೇಸಗೆಯಲ್ಲಿ ಅವನು ಒಂದು ಪತಂಗ ಕೋಶದಿಂದ ಹೊರಬರುವುದನ್ನು ನೋಡಲೆಂದು, ಅದರ ಕೋಶವನ್ನು ಅಗಲ ಬಾಯಿಯ ಗಾಜಿನ ಸೀಸೆಯಲ್ಲಿ ಒದ್ದೆ ಮಣ್ಣಿನೊಳಗೆ ಹೂತು, ಮುಚ್ಚಳ ಹಾಕಿಟ್ಟ. ದಿನವೂ ಸೀಸೆಯನ್ನು ನೋಡುವುದು ಅಭ್ಯಾಸವಾಯಿತು.

ನೋಡನೋಡುತ್ತ ಅವನಿಗೆ ಒಂದು ಸಂಗತಿ ಕಂಡಿತು. ಹಗಲಿನ ಶಾಖಕ್ಕೆ ಮಣ್ಣಿನ ತೇವ ಆವಿಯಾಗಿ ಮೇಲೇಳುತ್ತಿತ್ತು. ಗಾಜಿಗೆ ತಾಗಿ ಹನಿಗಟ್ಟುತ್ತಿತ್ತು. ಹನಿಗಳು ಜಾರಿ ಮತ್ತೆ ಮಣ್ಣಿಗೇ ಇಳಿಯುತ್ತಿದ್ದವು. ಹೊರಗಿಂದ ಒಂದು ತೊಟ್ಟು ನೀರು ಹಾಕದಿದ್ದರೂ ಮಣ್ಣು ಒಂದೇ ಹದದಲ್ಲಿ ಒದ್ದೆಯಾಗಿರುತ್ತಿತ್ತು. ಅಂಗೈಯಗಲದ ಸೀಸೆಯೊಳಗೆ ಮೋಡ, ಮಳೆ ಎರಡೂ ಇದ್ದವು.

ಪತಂಗ ಹೊರಬರಲು ಇನ್ನೇನು ಒಂದು ವಾರ ಇದೆ ಎನ್ನುವಾಗ ಮಣ್ಣಿನ ಮೇಲೆ ಎರಡು ಹಸುರು ಮೊಳಕೆ ಕಾಣಿಸಿದವು. ಒಂದು ಹುಲ್ಲು, ಇನ್ನೊಂದು ಜರೀಗಿಡ. ಹಿತ್ತಿಲಲ್ಲಿ ಅಷ್ಟೆಲ್ಲ ಶ್ರಮಪಟ್ಟರೂ ಬದುಕದ ಜರೀಗಿಡ ಇಲ್ಲಿ ಯಾರೂ ಕೇಳದೆ ತಾನಾಗಿ ಹುಟ್ಟಿತ್ತು!

ಇಲ್ಲಿ ವಾರ್ಡ್ ಮಾಡಿದ ಕೆಲಸವೇ ಈ ಕಥೆಯ ತಿರುಳು. ‘ಅದೃಷ್ಟ’ ಎಂದು ಹಿಗ್ಗಿ ಅವನು ಸುಮ್ಮನಾಗಲಿಲ್ಲ. ಸೀಸೆಯ ಗಿಡವನ್ನು ಹಿತ್ತಿಲ ಗಿಡದ ಪಕ್ಕದಲ್ಲಿಟ್ಟು ಯೋಚಿಸಿದ. ಇಲ್ಲಿರುವುದೇನು, ಅಲ್ಲಿಲ್ಲದ್ದೇನು? ಜರೀಗಿಡಕ್ಕೆ ಬೇಕಾದದ್ದು ತೇವದ ಗಾಳಿ, ಮಸಿಯಿಲ್ಲದ ಗಾಳಿ, ಬೆಳಕು, ಶಾಖ, ಒದ್ದೆ ಮಣ್ಣು, ಬಿಡುವಿನ ಕಾಲ. ಹಿತ್ತಿಲಲ್ಲಿ ಇವೆಲ್ಲ ಇದ್ದವೇ? ಬೇರಿಗೆ ನೀರಿತ್ತು, ಆದರೆ ಎಲೆಯ ಸುತ್ತಲಿನ ಗಾಳಿ ಮಸಿಯದು. ತಪ್ಪಿದ್ದದ್ದು ಕೈಯಲ್ಲಲ್ಲ, ಗಾಳಿಯಲ್ಲಿ.

ಆ ಸೀಸೆಯನ್ನು ಅವನು ತನ್ನ ಓದುಕೋಣೆಯ ಉತ್ತರದ ಕಿಟಕಿಯ ಹೊರಗಿಟ್ಟ. ನೀರು ಹಾಕದೆ, ಮುಚ್ಚಳ ತೆರೆಯದೆ ಆ ಎರಡು ಗಿಡಗಳು ಸುಮಾರು ನಾಲ್ಕು ವರ್ಷ ಬದುಕಿದವು. ಕೊನೆಗೆ ಅವೂ ಸತ್ತವು. ವಾರ್ಡ್ ಊರಿನಲ್ಲಿಲ್ಲದಾಗ ಮುಚ್ಚಳ ತುಕ್ಕು ಹಿಡಿದು, ಮಳೆನೀರು ಒಳಗಿಳಿದು ಗಿಡಗಳು ಹಾಳಾದವು. ತನ್ನ ಅತಿ ಪ್ರಸಿದ್ಧ ಗಿಡ ಹೀಗೆ ಸತ್ತಿತೆಂಬುದನ್ನು ಅವನು ಮುಚ್ಚಿಡಲಿಲ್ಲ, ಬರೆದಿಟ್ಟ.

ಇಲಿ, ಮೇಣದಬತ್ತಿ ಮತ್ತು ಪುದೀನ

ಮುಚ್ಚಿದ ಸೀಸೆಯಲ್ಲಿ ಗಿಡಕ್ಕೆ ಉಸಿರು ಕಟ್ಟುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಅದಕ್ಕೆ ಉತ್ತರ ಸಿಕ್ಕಿದ್ದೂ ಒಂದು ಸೋಲಿನಿಂದಲೇ.

1771ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಮೇಣದಬತ್ತಿ ಉರಿಸಿ, ಅದು ಆರಿದ ಮೇಲೆ ಅಲ್ಲಿ ಪುದೀನದ ಕಡ್ಡಿಯೊಂದನ್ನು ಇಟ್ಟ. ಕೆಲವು ದಿನಗಳಾದ ಮೇಲೆ ಅದೇ ಗಾಳಿಯಲ್ಲಿ ಮೇಣದಬತ್ತಿ ಮತ್ತೆ ಉರಿಯಿತು. ಇಲಿಗಳು ಕೂಡ ಆ ಗಾಳಿಯಲ್ಲಿ ಬದುಕಿದವು. ಕೆಟ್ಟ ಗಾಳಿಯನ್ನು ಗಿಡ ಸರಿಮಾಡುತ್ತದೆ ಎಂಬ ಸುದ್ದಿ ಯೂರೋಪಿನ ತುಂಬ ಹರಡಿತು.

ಆದರೆ ಬೇರೆಯವರು ಮಾಡಿನೋಡಿದಾಗ ಫಲ ಒಂದೇ ರೀತಿ ಬರಲಿಲ್ಲ. ಸ್ವೀಡನ್ನಿನ ಷೀಲೆ ಗಿಡ ಗಾಳಿಯನ್ನು ಕೆಡಿಸುತ್ತದೆ ಎಂದ. ಪ್ರೀಸ್ಟ್ಲಿ ತಾನೇ ಮತ್ತೆ ಮಾಡಿದಾಗಲೂ ಒಮ್ಮೆ ಫಲಿಸಿತು, ಒಮ್ಮೆ ಫಲಿಸಲಿಲ್ಲ. ಈ ಗೊಂದಲ ಬಿಡಿಸಿದವನು ಡಚ್ ವೈದ್ಯ ಯಾನ್ ಇಂಗೆನ್‌ಹೌಸ್. 1779ರ ಬೇಸಗೆಯಲ್ಲಿ ಅವನು ಲಂಡನ್ ಬಳಿಯ ಒಂದು ಮನೆಯಲ್ಲಿ ಕುಳಿತು ಮೂರು ತಿಂಗಳಲ್ಲಿ ಐನೂರಕ್ಕೂ ಹೆಚ್ಚು ಪ್ರಯೋಗ ಮಾಡಿದ. ಬಿಸಿಲಿದ್ದಾಗ, ಅದೂ ಗಿಡದ ಹಸುರು ಭಾಗ ಮಾತ್ರ, ಗಾಳಿಯನ್ನು ಸರಿಮಾಡುತ್ತದೆ, ಕತ್ತಲಲ್ಲಿ ಗಿಡವೂ ನಮ್ಮಂತೆಯೇ ಗಾಳಿಯನ್ನು ಕೆಡಿಸುತ್ತದೆ ಎಂದು ತೋರಿಸಿದ. ಹಿಂದಿನವರ ಪ್ರಯೋಗ ಸೋತದ್ದು ಗಿಡದ ದೋಷದಿಂದಲ್ಲ, ಬೆಳಕಿನ ಲೆಕ್ಕ ಇಡದೆ ಇದ್ದುದರಿಂದ.

ವಾರ್ಡ್‌ನ ಸೀಸೆಯಲ್ಲಿ ನಡೆದದ್ದೂ ಅದೇ. ಹಗಲು ಎಲೆ ಇಂಗಾಲದ ಡೈ ಆಕ್ಸೈಡನ್ನು ಹೀರಿ ಆಮ್ಲಜನಕ ಬಿಡುತ್ತದೆ. ರಾತ್ರಿ ಗಿಡದ ಉಸಿರಾಟ, ಮಣ್ಣಿನಲ್ಲಿ ಉದುರಿದ ಎಲೆ ಕೊಳೆಯುವ ಕ್ರಿಯೆ ಇಂಗಾಲದ ಡೈ ಆಕ್ಸೈಡನ್ನು ಹಿಂದಿರುಗಿಸುತ್ತವೆ. ಸಾಲದ್ದಕ್ಕೆ ಆ ಮುಚ್ಚಳ ಗಾಳಿ ಸುಳಿಯದಷ್ಟು ಬಿಗಿಯೂ ಇರಲಿಲ್ಲ. ತನ್ನ ಪೆಟ್ಟಿಗೆ ಸಂಪೂರ್ಣ ಬಂದ್ ಅಲ್ಲ ಎಂಬುದನ್ನು ವಾರ್ಡ್ ಸ್ಪಷ್ಟವಾಗಿ ಹೇಳಿದ್ದ.

ಇಪ್ಪತ್ತರಲ್ಲಿ ಹತ್ತೊಂಬತ್ತು

ಒಂದು ಸೀಸೆಯ ಕಥೆ ಇಷ್ಟಕ್ಕೇ ನಿಂತಿದ್ದರೆ ಅದು ಹವ್ಯಾಸಿಯೊಬ್ಬನ ಸಂತೋಷವಾಗಿ ಉಳಿಯುತ್ತಿತ್ತು. ಆದರೆ ವಾರ್ಡ್‌ನ ಮನೆಯ ಹತ್ತಿರವೇ ಹಡಗುಕಟ್ಟೆಗಳಿದ್ದವು. ಆ ಹಡಗುಗಳಲ್ಲಿ ಬರುವ ಗಿಡಗಳ ಗತಿ ಹಿತ್ತಿಲ ಜರೀಗಿಡದ ಗತಿಗಿಂತ ಕೆಟ್ಟದಾಗಿತ್ತು. ಚೀನಾದಿಂದ ಹೊರಟ ಸಾವಿರ ಗಿಡಗಳಲ್ಲಿ ಇಂಗ್ಲೆಂಡ್ ಮುಟ್ಟಿ ಬದುಕುವುದು ಒಂದೇ ಎಂದು ಮಕಾವ್‌ನಲ್ಲಿದ್ದ ಜಾನ್ ಲಿವಿಂಗ್‌ಸ್ಟನ್ ಎಂಬ ವೈದ್ಯ 1819ರಲ್ಲಿ ಬರೆದಿದ್ದ. ಉಪ್ಪುನೀರಿನ ಸಿಂಚನ, ಬಿಸಿಲು, ಚಳಿ, ಕುಡಿಯುವ ನೀರಿನ ಕೊರತೆ. ನಾವಿಕರಿಗೇ ನೀರು ಅಳೆದು ಕೊಡುವಾಗ ಗಿಡಕ್ಕೆ ಎಲ್ಲಿಂದ ತರುವುದು?

ವಾರ್ಡ್ ಸೀಸೆಯನ್ನು ಪೆಟ್ಟಿಗೆ ಮಾಡಿದ. ಮರದ ಬುಡ, ಅದರ ಮೇಲೆ ಗಾಜಿನ ಸಣ್ಣ ಮನೆ. 1833ರಲ್ಲಿ ಜರೀಗಿಡ, ಹುಲ್ಲು, ಪಾಚಿ ತುಂಬಿದ ಎರಡು ಪೆಟ್ಟಿಗೆಗಳು ಕ್ಯಾಪ್ಟನ್ ಚಾರ್ಲ್ಸ್ ಮಲ್ಲಾರ್ಡ್‌ನ ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಹೊರಟವು. ಎರಡು ಮೂರು ಜರೀಗಿಡ ಬಿಟ್ಟರೆ ಉಳಿದವೆಲ್ಲ ಚೆನ್ನಾಗಿವೆ ಎಂದು ಆ ನವೆಂಬರ್‌ನಲ್ಲಿ ಕ್ಯಾಪ್ಟನ್ ಹೋಬಾರ್ಟ್‌ನಿಂದ ಕಾಗದ ಬರೆದ.

ಹಿಂದಿರುಗುವ ಪಯಣ ಇನ್ನೂ ಕಠಿಣವಾದದ್ದು. 1834ರ ಫೆಬ್ರುವರಿಯಲ್ಲಿ ಸಿಡ್ನಿಯಲ್ಲಿ ಪೆಟ್ಟಿಗೆಗಳಿಗೆ ಅಲ್ಲಿನ ಗಿಡ ತುಂಬಿದರು. ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಸುತ್ತುವಾಗ ಡೆಕ್ ಮೇಲೆ ಹಿಮ ಬಿದ್ದಿತ್ತು, ಉಷ್ಣಾಂಶ ಸೊನ್ನೆಗಿಂತ ಏಳು ಡಿಗ್ರಿ ಸೆಲ್ಸಿಯಸ್ ಕೆಳಗಿತ್ತು. ಸಮಭಾಜಕ ವೃತ್ತ ದಾಟುವಾಗ ಅದೇ ಉಷ್ಣಾಂಶ 49 ಡಿಗ್ರಿ ಮುಟ್ಟಿತು. ಎಂಟು ತಿಂಗಳು ಒಂದು ಹನಿ ನೀರು ಹಾಕಲಿಲ್ಲ. ಲಂಡನ್‌ನಲ್ಲಿ ಪೆಟ್ಟಿಗೆ ನೋಡಲು ವಾರ್ಡ್ ಜತೆ ಹಡಗು ಹತ್ತಿದವನು ಹ್ಯಾಕ್ನಿಯ ಪ್ರಸಿದ್ಧ ನರ್ಸರಿಯ ಜಾರ್ಜ್ ಲಾಡಿಜಸ್. ಗಿಡಗಳು ಹಸುರಾಗಿದ್ದವು. ಬ್ರಿಟನ್ನಿನಲ್ಲಿ ಅದುವರೆಗೆ ಜೀವಂತ ಕಾಣದಿದ್ದ ಒಂದು ಜರೀಗಿಡವೂ ಅದರಲ್ಲಿತ್ತು.

ಲಾಡಿಜಸ್ ಆಮೇಲೆ ನೂರಾರು ಪೆಟ್ಟಿಗೆ ಬಳಸಿದ. ಮೊದಲು ಇಪ್ಪತ್ತು ಗಿಡ ತರಿಸಿದರೆ ಹತ್ತೊಂಬತ್ತು ಸಾಯುತ್ತಿದ್ದವು, ಈಗ ಹತ್ತೊಂಬತ್ತು ಬದುಕುತ್ತವೆ ಎಂಬುದು ಅವನ ಲೆಕ್ಕ. ವಾರ್ಡ್ ಇದಕ್ಕೆ ಪೇಟೆಂಟ್ ಪಡೆಯಲಿಲ್ಲ. 1842ರಲ್ಲಿ ಒಂದು ಪುಸ್ತಕ ಬರೆದು ಇಡೀ ವಿಧಾನವನ್ನು ಬಿಚ್ಚಿಟ್ಟ. ಆ ಪುಸ್ತಕದ ಅಧ್ಯಾಯಗಳ ಕ್ರಮವೇ ಒಂದು ಪಾಠ. ಮೊದಲ ಅಧ್ಯಾಯ ಗಿಡಗಳು ತಮ್ಮ ಸ್ವಂತ ನೆಲೆಯಲ್ಲಿ ಹೇಗೆ ಬದುಕುತ್ತವೆ ಎಂಬುದು. ಎರಡನೆಯದು ಊರಿನಲ್ಲಿ ಅವು ಏಕೆ ಸಾಯುತ್ತವೆ ಎಂಬುದು. ಗಾಜಿನ ಪೆಟ್ಟಿಗೆಯ ಮಾತು ಬರುವುದು ಮೂರನೆಯದರಲ್ಲಿ. ಬಿಸಿಲು ಕಾಣದ ಬೀದಿಗಳ ಬಡವರಿಗೂ ಇದರಿಂದ ಒಂದಿಷ್ಟು ಹಸುರು ಸಿಗಲಿ ಎಂಬುದು ಆ ವೈದ್ಯನ ಆಸೆಯಾಗಿತ್ತು. ಅದಕ್ಕಾಗಿಯೇ ಒಂದು ಅಧ್ಯಾಯ ಮೀಸಲಿಟ್ಟ. ಗಾಜಿನ ಮೇಲಿನ ತೆರಿಗೆ 1845ರಲ್ಲಿ ಹೋದ ಮೇಲೆ ಪೆಟ್ಟಿಗೆ ಅಗ್ಗವಾಯಿತು. ಆದರೆ ಅದು ಹೆಚ್ಚಾಗಿ ಸೇರಿದ್ದು ಉಳ್ಳವರ ನಡುಮನೆಯನ್ನು.

ಪೆಟ್ಟಿಗೆಯೂ ಸೋತಾಗ

ಒಳ್ಳೆಯ ಉಪಕರಣ ಸಿಕ್ಕಿದ ಕೂಡಲೇ ಯೋಚನೆ ನಿಲ್ಲಿಸುವುದು ಮನುಷ್ಯಸ್ವಭಾವ. ವಾರ್ಡ್ ಪೆಟ್ಟಿಗೆಯ ವಿಷಯದಲ್ಲೂ ಅದು ನಡೆಯಿತು. ಅದರ ಎರಡು ಉದಾಹರಣೆಗಳು ಭಾರತಕ್ಕೇ ಸಂಬಂಧಪಟ್ಟವು.

ಈಸ್ಟ್ ಇಂಡಿಯಾ ಕಂಪನಿ 1848ರಲ್ಲಿ ರಾಬರ್ಟ್ ಫಾರ್ಚೂನ್ ಎಂಬ ಸ್ಕಾಟ್ಲೆಂಡಿನ ತೋಟಗಾರನನ್ನು ಚಹಾ ತರಲು ಚೀನಾಕ್ಕೆ ಕಳಿಸಿತು. ಚೀನೀ ವೇಷ ಹಾಕಿ ಒಳನಾಡಿಗೆ ನುಗ್ಗಿದ ಆತ ಗಿಡವನ್ನೂ ಬೀಜವನ್ನೂ ಸಂಗ್ರಹಿಸಿದ. ಇದು ಇನ್ನೊಬ್ಬರ ಗುಟ್ಟಿನ ಕಳವು ಎಂಬುದನ್ನೂ ಮರೆಯುವಂತಿಲ್ಲ. ಅವನ ತೊಡಕು ಚಹಾ ಬೀಜದ್ದು. ಅದು ಬಹುಬೇಗ ಜೀವ ಕಳೆದುಕೊಳ್ಳುತ್ತದೆ. ಸಡಿಲ ಚೀಲದಲ್ಲಿ ಕಳಿಸುವುದು, ಒಣಮಣ್ಣಿನಲ್ಲಿ ಬೆರೆಸಿ ಕಳಿಸುವುದು, ಸಣ್ಣ ಪೊಟ್ಟಣ ಕಟ್ಟಿ ಅಂಚೆಯಲ್ಲಿ ಕಳಿಸುವುದು, ಯಾವ ವಿಧಾನವೂ ಸರಿಯಾಗಿ ಫಲಿಸಿರಲಿಲ್ಲ. ಕೊನೆಗೆ ಅವನು ವಾರ್ಡ್ ಪೆಟ್ಟಿಗೆಯಲ್ಲಿ ಹಿಪ್ಪುನೇರಳೆ ಸಸಿ ನೆಟ್ಟು, ಅವುಗಳ ಬುಡದಲ್ಲಿ ಚಹಾ ಬೀಜ ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು ಹರಡಿದ. ಬೀಜವನ್ನು ಸರಕಿನಂತೆ ಕಳಿಸುವ ಬದಲು ಬಿತ್ತಿಯೇ ಕಳಿಸಿದ! 1849ರ ಜುಲೈ ಹೊತ್ತಿಗೆ ಕಲ್ಕತ್ತದ ಸಸ್ಯೋದ್ಯಾನದಲ್ಲಿ ಪೆಟ್ಟಿಗೆಯೊಳಗೆ ಬೀಜ ಮೊಳೆತಿತ್ತು. 1851ರಲ್ಲಿ ಇದೇ ಉಪಾಯದಿಂದ ಹನ್ನೆರಡು ಸಾವಿರಕ್ಕೂ ಹೆಚ್ಚು ಸಸಿಗಳು ಹಿಮಾಲಯದ ತಪ್ಪಲಿನ ಸಹಾರನ್‌ಪುರ ತಲುಪಿದವು.

ಇನ್ನೊಂದು ಕಥೆ ನಮ್ಮ ಗಡಿಯಾಚೆಯ ಊಟಿಯದು. ಮಲೇರಿಯಾಕ್ಕೆ ಮದ್ದಾದ ಕ್ವಿನೈನ್ ಸಿಗುವುದು ಸಿಂಕೋನಾ ಮರದ ತೊಗಟೆಯಿಂದ. ಅದರ ಗಿಡಗಳನ್ನು ಹುಡುಕಿಕೊಂಡು 1860ರಲ್ಲಿ ಕ್ಲೆಮೆಂಟ್ಸ್ ಮಾರ್ಕಂ ಪೆರು ದೇಶಕ್ಕೆ ಹೋದ. ನಾನೂರಕ್ಕೂ ಹೆಚ್ಚು ಗಿಡಗಳನ್ನು ವಾರ್ಡ್ ಪೆಟ್ಟಿಗೆಗಳಲ್ಲಿಟ್ಟು ಇಂಗ್ಲೆಂಡ್, ಈಜಿಪ್ಟ್, ಬೊಂಬಾಯಿ ಹಾದು ಅಕ್ಟೋಬರ್‌ನಲ್ಲಿ ಊಟಿ ತಲುಪಿದ. ಬೆಟ್ಟದ ತಂಪಿನಲ್ಲಿ ಹುಟ್ಟಿದ ಆ ಗಿಡಗಳನ್ನು ಕೆಂಪು ಸಮುದ್ರದ ಸುಡುವ ಶಾಖ ಬಡಿದಿತ್ತು. ಒಂದೂ ಉಳಿಯಲಿಲ್ಲ. ಪೆಟ್ಟಿಗೆ ಉಪ್ಪುನೀರನ್ನು ತಡೆಯುತ್ತದೆ, ತೇವ ಹಿಡಿದಿಡುತ್ತದೆ, ಆದರೆ ಬಿಸಿಲಿನಲ್ಲಿ ಗಾಜಿನ ಮನೆ ಹೊರಗಿಗಿಂತ ಹೆಚ್ಚು ಕಾಯುತ್ತದೆ. ಜರೀಗಿಡವನ್ನು ಕಾಪಾಡಿದ ಗಾಜು ಇಲ್ಲಿ ಸಿಂಕೋನಾದ ಪಾಲಿಗೆ ಒಲೆಯಾಯಿತು.

ಮುಂದಿನ ಪ್ರಯತ್ನ ಬೇರೆಯಾಗಿತ್ತು. ರಿಚರ್ಡ್ ಸ್ಪ್ರೂಸ್ ಈಕ್ವೆಡಾರ್‌ನಲ್ಲಿ ಬೆಳೆಸಿದ ಸಿಂಕೋನಾ ಸಸಿಗಳು 1861ರ ಜನವರಿಯಲ್ಲಿ ಹೊರಟವು. ಅವುಗಳ ಜತೆಗೆ ರಾಬರ್ಟ್ ಕ್ರಾಸ್ ಎಂಬ ತೋಟಗಾರ ಊಟಿಯವರೆಗೂ ಬಂದ. ಬೇಸಗೆ ಬಲಿಯುವ ಮುನ್ನವೇ ಕೆಂಪು ಸಮುದ್ರ ದಾಟಿದ್ದಾಗಿತ್ತು. ಏಪ್ರಿಲ್‌ನಲ್ಲಿ 463 ಸಸಿಗಳು ಜೀವಂತ ಊಟಿ ತಲುಪಿದವು. ನೀಲಗಿರಿಯ ಸಿಂಕೋನಾ ತೋಟಗಳು ಬೇರೂರಿದ್ದು ಹೀಗೆ.

ಪೆಟ್ಟಿಗೆಯ ಇನ್ನೊಂದು ದೋಷ ತಡವಾಗಿ ತಿಳಿಯಿತು. ಗಿಡದ ಜತೆ ಮಣ್ಣೂ ಪಯಣಿಸುತ್ತಿತ್ತು. ಮಣ್ಣಿನ ಜತೆ ಹುಳು, ಶಿಲೀಂಧ್ರ, ಕಳೆಬೀಜ. ಒಂದು ದೇಶದ ಪೀಡೆ ಇನ್ನೊಂದು ದೇಶದ ಹೊಲಕ್ಕೆ ಇಳಿಯತೊಡಗಿದಾಗ ಸರಕಾರಗಳು ಎಚ್ಚೆತ್ತವು. ಭಾರತದಲ್ಲಿ 1914ರಲ್ಲಿ ವಿನಾಶಕಾರಿ ಕೀಟ ಮತ್ತು ಪೀಡೆಗಳ ಕಾಯಿದೆ ಬಂದು, ಹೊರಗಿನಿಂದ ಗಿಡ ತರಲು ನಿರ್ಬಂಧ ಬಿತ್ತು.

ದೀಪದ ಬುಡದ ವಿಷ

ಮತ್ತೆ ಮನೆಯೊಳಕ್ಕೆ ಬರೋಣ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನ ಮನೆಗಳಿಗೆ ಗ್ಯಾಸ್ ದೀಪ ಬಂತು. ಕಲ್ಲಿದ್ದಲನ್ನು ಕಾಯಿಸಿ ತೆಗೆದ ಅನಿಲ ಕೊಳವೆಯಲ್ಲಿ ಮನೆ ಮನೆಗೂ ಹರಿಯಿತು. ಬೆಳಕು ಹೆಚ್ಚಿತು, ಆದರೆ ನಡುಮನೆಯ ಕುಂಡದ ಗಿಡಗಳು ಎಲೆ ಉದುರಿಸತೊಡಗಿದವು. ವಾರ್ಡ್ ಪೆಟ್ಟಿಗೆಯೊಳಗಿದ್ದವು ಮಾತ್ರ ಹೆಚ್ಚುಕಡಿಮೆ ಪಾರಾದವು. ಹೊರಗಿಟ್ಟ ಕುಂಡಗಳಲ್ಲಿ ಜಗ್ಗದೆ ನಿಂತದ್ದು ಆಸ್ಪಿಡಿಸ್ಟ್ರಾ ಎಂಬ ಅಗಲ ಎಲೆಯ ಗಿಡ. ಅದಕ್ಕೆ ಎರಕದ ಕಬ್ಬಿಣದ ಗಿಡ ಎಂದೇ ಅಡ್ಡಹೆಸರು ಬಿತ್ತು. ಇಂಗ್ಲೆಂಡಿನ ಪ್ರತಿ ಮಧ್ಯಮವರ್ಗದ ಮನೆಯಲ್ಲೂ ಆ ಗಿಡ ಕಾಣಿಸತೊಡಗಿದ್ದಕ್ಕೆ ಅದರ ಚೆಲುವು ಕಾರಣವಲ್ಲ, ಉಳಿದವೆಲ್ಲ ಸತ್ತದ್ದೇ ಕಾರಣ.

ಗ್ಯಾಸ್ ಕೆಟ್ಟದ್ದು ಎಂದು ಎಲ್ಲರಿಗೂ ಗೊತ್ತಿತ್ತು. ಗ್ಯಾಸಿನಲ್ಲಿ ಯಾವುದು ಕೆಟ್ಟದ್ದು ಎಂದು ಕೇಳಿದವನು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ದಿಮಿತ್ರಿ ನೆಲ್ಯುಬೊವ್. ಪ್ರಯೋಗಶಾಲೆಯ ಕತ್ತಲಲ್ಲಿ ಅವನು ಬಟಾಣಿ ಮೊಳಕೆ ಬೆಳೆಸಿದ್ದ. ನೆಟ್ಟಗೆ ಮೇಲೇಳಬೇಕಾದ ಮೊಳಕೆಗಳು ಗಿಡ್ಡಾಗಿ, ದಪ್ಪಗಾಗಿ, ಅಡ್ಡಡ್ಡ ಬೆಳೆದವು. ಹೊರಗಿನ ಗಾಳಿ ಕೊಟ್ಟಾಗ ನೆಟ್ಟಗಾದವು. ಬೀಜ ಸರಿಯಿಲ್ಲ ಎಂದು ಎಸೆದುಬಿಡಬಹುದಿತ್ತು. ಅವನು ಕೋಣೆಯ ಗಾಳಿಯನ್ನೇ ಜರಡಿ ಹಿಡಿದ. ದೀಪದ ಅನಿಲದ ಒಂದೊಂದು ಅಂಶವನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ, ಅಪರಾಧಿ ಎಥಿಲೀನ್ ಎಂದು 1901ರಲ್ಲಿ ಪ್ರಕಟಿಸಿದ. 1908ರಲ್ಲಿ ಅಮೆರಿಕದ ಷಿಕಾಗೋದಲ್ಲಿ ಹಸಿರುಮನೆಗಳ ಕಾರ್ನೇಷನ್ ಹೂಗಳು ಅರಳದೆ ಮುದುಡಿಕೊಂಡಾಗ ಕ್ರಾಕರ್ ಮತ್ತು ನೈಟ್ ಎಂಬ ವಿಜ್ಞಾನಿಗಳು ಪರೀಕ್ಷಿಸಿದರು. ಗಾಳಿಯ ಇಪ್ಪತ್ತು ಲಕ್ಷ ಭಾಗಕ್ಕೆ ಒಂದು ಭಾಗ ಎಥಿಲೀನ್ ಇದ್ದರೂ ಅರಳಿದ ಹೂ ಮುಚ್ಚಿಕೊಳ್ಳುತ್ತದೆ ಎಂದು ಕಂಡುಕೊಂಡರು.

ಆಶ್ಚರ್ಯ ಮುಂದಿದೆ. ಈ ‘ವಿಷ’ವನ್ನು ಗಿಡಗಳೂ ತಯಾರಿಸುತ್ತವೆ! ಹಣ್ಣಾಗುವ ಸೇಬಿನಿಂದ ಎಥಿಲೀನ್ ಹೊರಬರುವುದನ್ನು 1934ರಲ್ಲಿ ರಿಚರ್ಡ್ ಗೇನ್ ಖಚಿತಪಡಿಸಿದ. ಎಲೆ ಉದುರಿಸುವ, ಕಾಯಿಯನ್ನು ಹಣ್ಣು ಮಾಡುವ ಸಸ್ಯ ಹಾರ್ಮೋನು ಅದು. ನಮ್ಮ ಹಿರಿಯರು ಬಾಳೆಗೊನೆಗೆ ಹೊಗೆ ಹಾಕಿ ಹಣ್ಣು ಮಾಡುತ್ತಿದ್ದರಲ್ಲ, ಆ ಹೊಗೆಯಲ್ಲೂ ಎಥಿಲೀನ್ ಇರುತ್ತದೆ. ಇಂದು ಮಾವು, ಬಾಳೆ ಮಾಗಿಸಲು ಕಾರ್ಬೈಡ್ ಬಳಸುವುದು ನಮ್ಮ ಕಾನೂನಿನಲ್ಲಿ ನಿಷಿದ್ಧ, ಎಥಿಲೀನ್ ಅನಿಲವನ್ನು ಮಿತಿಯೊಳಗೆ ಬಳಸಲು ಅನುಮತಿಯಿದೆ. ಗ್ಯಾಸ್ ದೀಪದಡಿ ಗಿಡಗಳು ಎಲೆ ಉದುರಿಸಿದ್ದಕ್ಕೂ ನಮ್ಮ ಹಣ್ಣಿನ ಮಂಡಿಗೂ ನಂಟು ಹೀಗೆ ಬೆಸೆದುಕೊಂಡಿದೆ. ಹಣ್ಣಿನ ಬುಟ್ಟಿಯ ಪಕ್ಕ ಹೂವಿನ ಕುಂಡ ಇಡಬಾರದು ಎಂಬ ಸಲಹೆಗೂ ಇದೇ ಆಧಾರ.

ನಮ್ಮ ಮನೆಯ ಕುಂಡ

ನಮ್ಮ ಊರುಗಳಲ್ಲಿ ಗಿಡ ಮನೆಯೊಳಗೆ ಇರುತ್ತಿರಲಿಲ್ಲ. ತುಳಸಿಗೆ ಅಂಗಳದ ಕಟ್ಟೆ, ಮಲ್ಲಿಗೆಗೆ ಚಪ್ಪರ, ಕರಿಬೇವಿಗೆ ಹಿತ್ತಿಲು. ಗಿಡಗಳು ನಡುಮನೆಗೆ, ಸ್ನಾನದ ಮನೆಯ ಕಿಟಕಿಗೆ ಬಂದದ್ದು ಅಂಗಳವಿಲ್ಲದ ಮನೆಗಳು, ಫ್ಲಾಟ್‌ಗಳು ಹೆಚ್ಚಿದ ಮೇಲೆ. ಆದ್ದರಿಂದ ಹಿತ್ತಿಲಿನ ಅನುಭವ ಇಲ್ಲಿ ಹಲವು ಸಲ ಕೈಕೊಡುತ್ತದೆ. ಅಂಗಳದ ಗಿಡಕ್ಕೆ ದಿನಾ ಒಂದು ಚೊಂಬು ನೀರು ಸರಿ. ಅದೇ ಅಭ್ಯಾಸವನ್ನು ಬಿಸಿಲೂ ಗಾಳಿಯೂ ಇಲ್ಲದ ಕೋಣೆಯ ಕುಂಡಕ್ಕೆ ತಂದರೆ ಏನಾಗುತ್ತದೆ?

ಅಜ್ಜಿ ಬೋರಲು ಹಾಕಿದ ಕುಂಡ ಅದನ್ನೇ ಹೇಳಿತು. ಬೇರು ಬೆಳ್ಳಗೆ ಗಟ್ಟಿಯಾಗಿರಬೇಕಿತ್ತು. ಅದು ಕಪ್ಪಾಗಿ, ಮೆತ್ತಗಾಗಿ, ಚರಂಡಿಯ ವಾಸನೆ ಹೊಡೆಯುತ್ತಿತ್ತು. ಕುಂಡದ ಕೆಳಗಿನ ತಟ್ಟೆಯಲ್ಲಿ ಸದಾ ನೀರು ನಿಂತಿರುತ್ತಿತ್ತು. ಎಲೆ ಬಾಡಿದಾಗಲೆಲ್ಲ ನೀರು ಸಾಲದೇನೋ ಎಂದು ನಾನು ಇನ್ನಷ್ಟು ಹಾಕುತ್ತಿದ್ದೆ.

ಮನೆಗಿಡ ಸಾಕುವವರನ್ನು ಹೆಚ್ಚಾಗಿ ಮೋಸಗೊಳಿಸುವುದು ಇದೇ. ಬೇರಿಗೂ ಉಸಿರಾಡಲು ಆಮ್ಲಜನಕ ಬೇಕು. ಮಣ್ಣಿನ ಸಂದುಗಳಲ್ಲಿ ನೀರೇ ತುಂಬಿದರೆ ಗಾಳಿಗೆ ಜಾಗವಿಲ್ಲ. ಬೇರು ಸಾಯುತ್ತದೆ. ಸತ್ತ ಬೇರು ನೀರು ಹೀರಲಾರದು. ಆಗ ಎಲೆ ಬಾಡುತ್ತದೆ, ನೀರಿಲ್ಲದ ಗಿಡದ ಎಲೆ ಬಾಡುವಂತೆಯೇ. ನೀರು ಹೆಚ್ಚಾದ ಲಕ್ಷಣ ಮತ್ತು ಕಡಿಮೆಯಾದ ಲಕ್ಷಣ ಕಣ್ಣಿಗೆ ಒಂದೇ. ಎಲೆ ನೋಡಿ ನೀರು ಹಾಕುವವರು ಮುಳುಗುವವರಿಗೆ ಕುಡಿಯಲು ನೀರು ಕೊಟ್ಟಂತೆ. ಬೆರಳನ್ನು ಮಣ್ಣೊಳಗೆ ಎರಡು ಗೆಣ್ಣಿನಷ್ಟು ಇಳಿಸಿ ನೋಡಿ ಹಾಕುವುದೇ ಸರಿ.

ನನ್ನ ತುಳಸಿಯದು ಬೇರೆ ಕಥೆ. ಅದು ಸತ್ತದ್ದು ಬೆಳಕಿಲ್ಲದೆ. ನಮ್ಮ ಕಣ್ಣು ಕತ್ತಲಿಗೆ ಬೇಗ ಹೊಂದಿಕೊಳ್ಳುವುದರಿಂದ ಕೋಣೆ ಬೆಳಕಾಗಿಯೇ ಕಾಣುತ್ತದೆ. ಆದರೆ ಹೊರಗೆ ನಡುಹಗಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್ ಇದ್ದರೆ, ಕಿಟಕಿಯಿಂದ ದೂರದ ಮೂಲೆಯಲ್ಲಿ ಕೆಲವು ನೂರು ಮಾತ್ರ. ಬಿಸಿಲಿನ ಗಿಡವಾದ ತುಳಸಿಗೆ ಅದು ಉಪವಾಸ. ಮರದಡಿಯ ಮಬ್ಬಿನಿಂದ ಮೇಲೇರುವ ಬಳ್ಳಿಯಾದ ಮನಿ ಪ್ಲಾಂಟ್‌ಗೆ ಅಷ್ಟು ಸಾಕು. ವಾರ್ಡ್ ತನ್ನ ಪುಸ್ತಕವನ್ನು ಗಿಡದ ಸ್ವಂತ ನೆಲೆಯಿಂದ ಆರಂಭಿಸಿದ್ದೇಕೆ ಎಂಬುದು ಇಲ್ಲಿ ಅರ್ಥವಾಗುತ್ತದೆ.

ಜರೀಗಿಡ ಸತ್ತದ್ದು ಲಂಡನ್‌ನ ಜರೀಗಿಡದಂತೆಯೇ. ಬೇಸಗೆಯಲ್ಲಿ ಫ್ಯಾನಿನ ಕೆಳಗೆ ಇಟ್ಟಿದ್ದೆ. ಮಣ್ಣು ಒದ್ದೆಯಿತ್ತು, ಗಾಳಿ ಒಣಗಿತ್ತು.

ಮೂರು ಗಿಡ, ಮೂರು ಕಾರಣ. ಕೈಗುಣ ಎಂಬ ಒಂದೇ ಮಾತಿನಲ್ಲಿ ಮುಚ್ಚಿಹಾಕಿದ್ದರೆ ಮೂರೂ ಮರೆಯಾಗುತ್ತಿದ್ದವು, ನಾಲ್ಕನೆಯದೂ ಸಾಯುತ್ತಿತ್ತು. ವಾರ್ಡ್ 1868ರಲ್ಲಿ ತೀರಿಕೊಂಡ. ವಿಮಾನ ಮತ್ತು ಪ್ಲಾಸ್ಟಿಕ್ ಚೀಲ ಬಂದ ಮೇಲೆ ಇಪ್ಪತ್ತನೆಯ ಶತಮಾನದಲ್ಲಿ ಅವನ ಪೆಟ್ಟಿಗೆಯೂ ಮೂಲೆ ಸೇರಿತು. ಉಳಿದದ್ದು ಅವನು ಸತ್ತ ಗಿಡದ ಮುಂದೆ ಕೇಳಿದ ಪ್ರಶ್ನೆ.

ಅಜ್ಜಿ ತಮ್ಮ ಕುಂಡದಿಂದ ಮನಿ ಪ್ಲಾಂಟಿನ ಒಂದು ಬಳ್ಳಿ ಕತ್ತರಿಸಿ ಕೊಟ್ಟರು. ಕಿಟಕಿಯ ಬಳಿ ಇಟ್ಟಿದ್ದೇನೆ. ತಟ್ಟೆಯ ನೀರು ಚೆಲ್ಲುತ್ತೇನೆ. ಹೊಸ ಎಲೆ ಬಂದಿದೆ. ತೋರಿಸಿದಾಗ, ‘ನಿಮ್ಮ ಕೈಗುಣ ಅಜ್ಜಿ’ ಎಂದೆ. ಅವರು ನಕ್ಕರು.

‘ಕೈಗುಣ ಏನು ಬಂತು? ನಾನು ಎಷ್ಟು ಗಿಡ ಸಾಯಿಸಿದ್ದೀನಿ ಅಂತ ನಿನಗೇನು ಗೊತ್ತು?’